ಉಮಾಶಂಕರನ ಆತ್ಮವಿಶ್ವಾಸಕ್ಕೆ ಊರು ಕೈಹಾಕಿದ್ದು

ಕುಂದಾಣದ ಮೇಲಿನ ಬೀದಿಯ ಉಮಾಶಂಕರ ಮನೆಗೆ ಬೀಗ ಹಾಕುವುದೆಂದರೆ ಅದೊಂದು ಕಾರ್ಯಕ್ರಮ. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಾನೆ. ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಇನ್ನೊಂದು ಸಲ ಎಳೆಯುತ್ತಾನೆ. ಬಸ್ ಸ್ಟಾಪ್ ತಲುಪಿದ ಮೇಲೆ, ತಾನು ಎಳೆದದ್ದು ತನ್ನ ಮನೆಯ ಬೀಗವನ್ನೇ ಹೌದೋ ಅಲ್ಲವೋ ಎಂಬ ಅನುಮಾನ ಬರುತ್ತದೆ. ಹೆಂಡತಿ ಅನಸೂಯ ಒಳಗೆ ಅಡುಗೆ ಮಾಡುತ್ತಿರುವಾಗಲೇ ಹೊರಗಿನಿಂದ ಬೀಗ ಹಾಕಿಕೊಂಡು ಹೋದದ್ದೂ ಎರಡು ಸಲ ನಡೆದಿದೆ. ಆ ಎರಡು ಸಲವೂ ಬೀಗ ಸರಿಯಾಗಿಯೇ ಬಿದ್ದಿತ್ತು. ಅವನು ಅನುಮಾನಪಡುತ್ತಿದ್ದುದು ತನ್ನೊಬ್ಬನ ಮೇಲೆ ಮಾತ್ರವಾದ್ದರಿಂದ ಊರಿಗೆ ಅವನಿಂದ ಯಾವ ತೊಂದರೆಯೂ ಇರಲಿಲ್ಲ.

ಸೋಂಪುರದ ಕಡೆ ಬೋರ್‌ವೆಲ್ ಮೋಟಾರು ತಯಾರಿಸುವ ಒಂದು ಕಂಪನಿಯ ದೂರು ವಿಭಾಗದಲ್ಲಿ ಅವನಿಗೆ ಕೆಲಸ. ಹದಿನಾರು ವರ್ಷವಾಗಿತ್ತು. ರೈತರು ಫೋನ್ ಮಾಡಿ ಮೋಟಾರು ಓಡುತ್ತಿಲ್ಲ ಎನ್ನುತ್ತಾರೆ; ಯಾಕೆ ಓಡುತ್ತಿಲ್ಲ, ಏನು ಮಾಡಬೇಕು ಎಂದು ಇವನು ಹೇಳಬೇಕು. ಎರಡು ವರ್ಷದ ಹಿಂದೆ ಕಂಪನಿಗೆ ಮೋಟಾರಿನ ಡಬ್ಬಗಳನ್ನಿಡಲು ಜಾಗ ಸಾಲದೆ ಬಂತು. ದೂರು ವಿಭಾಗದ ಕೋಣೆಗೆ ಡಬ್ಬಗಳು ಬಂದವು, ಅಲ್ಲಿದ್ದ ನಾಲ್ಕು ಜನ ಮನೆಗೆ ಹೋದರು. ಇನ್ನು ಮುಂದೆ ಕೆಲಸ ಮನೆಯಿಂದಲೇ ಎಂದು ಆದೇಶವಾಯಿತು. ಅಲ್ಲಿಯವರೆಗೆ ಮೂರು ಬಸ್ಸು ಬದಲಿಸಿ ಹೋಗುತ್ತಿದ್ದ ಉಮಾಶಂಕರ ಅಂದಿನಿಂದ ಹದಿನೆಂಟು ಮೆಟ್ಟಿಲು ಹತ್ತಿ ತನ್ನ ಮನೆಯ ತಾರಸಿಗೆ ಹೋಗತೊಡಗಿದ. ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ತಾರಸಿಯ ಮೇಲೆ ಒಂದು ತಗಡಿನ ಶೀಟು, ಅದರ ಕೆಳಗೆ ಒಂದು ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವನು ತನ್ನ ದನಿ ಎಷ್ಟು ದೊಡ್ಡದಾಗಿದೆ ಎಂದು ತಿಳಿಯದೆ ಮಾತಾಡುತ್ತಿದ್ದ. ಹೀಗಾಗಿ ಮೇಲಿನ ಬೀದಿಯ ಮಕ್ಕಳಿಗೂ ಮೋಟಾರಿನ ಬಗ್ಗೆ ಸಾಕಷ್ಟು ಜ್ಞಾನ ಬಂದಿತ್ತು.

ಅವನು ಕೆಲಸ ಮಾಡುವ ಕ್ರಮವೂ ಬೀಗ ಹಾಕುವ ಕ್ರಮವೇ ಆಗಿತ್ತು. ಕರೆಂಟ್ ಇದೆಯೇ ಎಂದು ಕೇಳುತ್ತಿದ್ದ. ಇದೆ ಎಂದರೆ, ಮೂರು ಫೇಸೂ ಇದೆಯೇ ಎಂದು ಕೇಳುತ್ತಿದ್ದ. ಪಕ್ಕದ ತೋಟದವರ ಮೋಟಾರು ಓಡುತ್ತಿದೆಯೇ, ಹೋಗಿ ನೋಡಿ ಬನ್ನಿ, ನಾನು ಲೈನಿನಲ್ಲೇ ಇರುತ್ತೇನೆ ಎನ್ನುತ್ತಿದ್ದ. ರೈತ ಶಪಿಸುತ್ತ ಪಕ್ಕದ ತೋಟಕ್ಕೆ ಹೋಗಿ ಬರುತ್ತಿದ್ದ. ಸ್ಟಾರ್ಟರ್ ಡಬ್ಬಿ ತೆಗೆಯಿರಿ, ಒಳಗೆ ಇರುವೆ ಇದೆಯೇ ನೋಡಿ, ಇನ್ನೊಂದು ಸಲ ನೋಡಿ. ಒಂದೊಂದು ಕರೆ ನಲವತ್ತು ನಿಮಿಷ. ಕೊನೆಗೆ ಹೆಚ್ಚುಕಡಿಮೆ ಎಲ್ಲ ಮೋಟಾರುಗಳೂ ಓಡುತ್ತಿದ್ದವು. ಓಡುವ ಮೋಟಾರಿನ ಬಗ್ಗೆ ಯಾರೂ ಕಂಪನಿಗೆ ಫೋನ್ ಮಾಡುವುದಿಲ್ಲವಾದ್ದರಿಂದ ಈ ವಿಷಯ ಕಂಪನಿಗೆ ತಿಳಿದಿರಲಿಲ್ಲ. ದಿನಕ್ಕೆ ಹನ್ನೆರಡೇ ಕರೆ ಎಂಬುದು ಮಾತ್ರ ತಿಳಿದಿತ್ತು.

ಹೀಗಿರುವಾಗ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಕೀರ್ತನ ಎಂಬ ಹೊಸ ಅಧಿಕಾರಿ ಬಂದರು. ಮನೆಯಿಂದ ಕೆಲಸ ಮಾಡುವವನಿಗೆ ಬೆನ್ನ ಹಿಂದೆ ಮೇಲಧಿಕಾರಿ ಇರುವುದಿಲ್ಲ, ಆದ್ದರಿಂದ ಅವನಿಗೆ ತನ್ನ ಮೇಲೆ ತನಗೆ ನಂಬಿಕೆ ಎಷ್ಟಿದೆಯೋ ಕೆಲಸವೂ ಅಷ್ಟೇ ಚೆನ್ನಾಗಿರುತ್ತದೆ ಎಂದು ಅವರು ಒಂದು ತರಬೇತಿಯಲ್ಲಿ ಕಲಿತು ಬಂದಿದ್ದರು. ಮನೆಯಿಂದ ಕೆಲಸ ಮಾಡುವ ಎಲ್ಲರ ಫೋನಿಗೂ ಒಂದು ಫಾರ್ಮ್ ಕಳಿಸಿದರು. ಹತ್ತು ಹೇಳಿಕೆ, ಒಂದೊಂದಕ್ಕೆ ಹತ್ತು ಅಂಕ, ತಮಗೆ ತಾವೇ ಹಾಕಿಕೊಳ್ಳಬೇಕು. ಮಿಕ್ಕ ಮೂವರು ಐದು ನಿಮಿಷದಲ್ಲಿ ತೊಂಬತ್ತರ ಮೇಲೆ ಹಾಕಿಕೊಂಡು ಕಾಫಿ ಕುಡಿದರು. ಉಮಾಶಂಕರ ಎರಡು ದಿನ ತೆಗೆದುಕೊಂಡ. ‘ಈ ಫಾರ್ಮನ್ನು ನಾನು ಸರಿಯಾಗಿಯೇ ತುಂಬುತ್ತಿದ್ದೇನೆ’ ಎಂಬ ಏಳನೆಯ ಹೇಳಿಕೆಯ ಎದುರು ಎರಡು ಅಂಕ ಹಾಕಿದ. ಅದು ಜಂಬವಾಯಿತೇನೋ ಎನ್ನಿಸಿ ಒಂದು ಮಾಡಿದ. ಎಲ್ಲ ಕೂಡಿದಾಗ ಇಪ್ಪತ್ತಮೂರು ಬಂತು. ಕೂಡಿದ್ದು ಸರಿಯೇ ಎಂದು ಅನಸೂಯಳಿಂದಲೂ ಕೂಡಿಸಿ ನೋಡಿ ಕಳಿಸಿದ.

ಮಾರನೆಯ ಬೆಳಿಗ್ಗೆ ಕೀರ್ತನ ಮೇಡಂ ಫೋನ್ ಮಾಡಿದರು. ಪಕ್ಕದ ಮನೆಯ ಮುನಿಗಂಗಮ್ಮ ಆಗ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೇಡಂ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಉಮಾಶಂಕರ ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತು.

“ಇಪ್ಪತ್ತಮೂರು ಅಂದ್ರೆ ಅಷ್ಟು ಕಮ್ಮೀನಾ ಮೇಡಂ? ಎಷ್ಟಿರಬೇಕು? ಅರವತ್ತಾ? ಒಂದು ತಿಂಗಳಲ್ಲಿ ಏರುತ್ತಾ ಮೇಡಂ? ಏರದೇ ಇದ್ರೆ ಬಳ್ಳಾರಿಗಾ?”

ಮೇಡಂ ಹೇಳಿದ್ದು ಇಷ್ಟು: ಅರವತ್ತಕ್ಕಿಂತ ಕಡಿಮೆ ಇರುವವರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶವಿಲ್ಲ. ದೂರು ವಿಭಾಗದ ಕೋಣೆಯಲ್ಲಿ ಡಬ್ಬಗಳಿವೆ. ಆದ್ದರಿಂದ ತಿಂಗಳೊಳಗೆ ಆತ್ಮವಿಶ್ವಾಸ ಏರದಿದ್ದರೆ ಅವನನ್ನು ಕಂಪನಿಯ ಬಳ್ಳಾರಿ ಗೋದಾಮಿಗೆ ಹಾಕಲಾಗುವುದು. ವಾರಕ್ಕೊಮ್ಮೆ ಫಾರ್ಮ್ ಮತ್ತೆ ಬರುತ್ತದೆ.

ಮುನಿಗಂಗಮ್ಮ ಅರವತ್ತಾರು ವರ್ಷದ ಅನುಭವಸ್ಥೆ. ಊರಿನಲ್ಲಿ ಡೆಂಗೆ ಜ್ವರದ ಕಾಲ. ಇಪ್ಪತ್ತಮೂರಕ್ಕೆ ಇಳಿಯುವಂಥದ್ದು ಪ್ಲೇಟ್‌ಲೆಟ್ ಬಿಟ್ಟರೆ ಬೇರೆ ಏನೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಬಳ್ಳಾರಿ ಎಂದರೆ ಬೆಂಗಳೂರಿನವರೂ ಕೈಬಿಟ್ಟ ಮೇಲೆ ಕಳಿಸುವ ದೊಡ್ಡಾಸ್ಪತ್ರೆ ಇರಬೇಕು. ಅವರೆಕಾಯಿ ಅಲ್ಲೇ ಬಿಟ್ಟು ಎದ್ದರು. ಹತ್ತು ಗಂಟೆಯೊಳಗೆ ಪರಂಗಿ ಎಲೆ ಅರೆದ ರಸ ಒಂದು ಲೋಟ ತಾರಸಿಗೆ ಬಂತು. ಹನ್ನೊಂದಕ್ಕೆ ಎದುರು ಮನೆಯವರು ದಾಳಿಂಬೆ ತಂದರು. ಮಧ್ಯಾಹ್ನದ ಹೊತ್ತಿಗೆ ಅನಸೂಯಳ ತವರಿನಿಂದ ಇಬ್ಬರು ಒಂದೇ ಸ್ಕೂಟರಿನಲ್ಲಿ ಬಂದಿಳಿದು, ಜಗಲಿಯ ಮೇಲೆ ಕೂತು, ಅವನ ಬಗ್ಗೆ ಒಳ್ಳೆಯ ಮಾತಾಡಲು ಆರಂಭಿಸಿದ್ದರು.

ಉಮಾಶಂಕರ ಎಲ್ಲರಿಗೂ ವಿವರಿಸಿದ. ಇಳಿದಿರುವುದು ರಕ್ತದಲ್ಲಿ ಅಲ್ಲ, ಆತ್ಮವಿಶ್ವಾಸದಲ್ಲಿ ಎಂದ. ಆದರೆ ಹೇಳಿ ಮುಗಿಸುವಷ್ಟರಲ್ಲಿ ರಕ್ತದಲ್ಲೂ ಇಳಿದಿದ್ದರೆ ಏನು ಗತಿ ಎಂದು ಅವನಿಗೇ ಅನ್ನಿಸಿತು. ಪರಂಗಿ ಎಲೆಯ ರಸವನ್ನು ಮೂರು ದಿನ ಕುಡಿದ.

ನಾಲ್ಕನೆಯ ದಿನ ಮುನಿಶಾಮಪ್ಪನವರು ವಿಚಾರಿಸಲು ಬಂದರು. ಇವರು ಹಾಲಿನ ಡೈರಿಯ ಮಾಜಿ ಅಧ್ಯಕ್ಷರು. ಮೇಲಿನ ಬೀದಿಯವರೆಲ್ಲ ದೊಡ್ಡಪ್ಪ ಎನ್ನುತ್ತಿದ್ದರು. ಅಧಿಕಾರ ಹೋಗಿ ಆರು ವರ್ಷವಾದರೂ, ಯಾವುದಾದರೂ ಸಮಸ್ಯೆ ಕಣ್ಣಿಗೆ ಬಿದ್ದರೆ ಮುಷ್ಟಿ ಬಿಗಿಯಾಗುತ್ತಿತ್ತು. ಅವರು ಕುಳಿತು ಇಡೀ ವಿಷಯ ಕೇಳಿದರು. ಫಾರ್ಮನ್ನೂ ಓದಿಸಿ ಕೇಳಿದರು. ಆಮೇಲೆ ಅನಸೂಯಳ ಕಡೆ ತಿರುಗಿ, ಸುಮ್ಮನೆ ನೂರಕ್ಕೆ ನೂರು ಹಾಕಿ ಕಳಿಸಬಾರದಿತ್ತೇ ಎಂದರು.

“ಹೇಳಿದೆ ದೊಡ್ಡಪ್ಪ,” ಎಂದಳು ಅನಸೂಯ. “ಸುಳ್ಳು ಹೇಳೋಕೆ ಧೈರ್ಯ ಸಾಲ್ದು ಅಂತಾರೆ. ಅದಕ್ಕೂ ಆತ್ಮವಿಶ್ವಾಸ ಬೇಕಂತೆ.”

ಮುನಿಶಾಮಪ್ಪನವರಿಗೆ ಇದು ಸರಿ ಎನ್ನಿಸಿತು. ಹಾಗಾದರೆ ನಿಜವಾಗಿಯೇ ಏರಿಸಬೇಕು. ಹುಡುಗ ನಮ್ಮವನು, ಇವನನ್ನು ಬಳ್ಳಾರಿಯ ಬಿಸಿಲಿಗೆ ಕಳಿಸಿ ಹೆಂಡತಿ ಇಲ್ಲಿ ಒಬ್ಬಳೇ ಇರುವುದೆಂದರೇನು ಎಂದು ಸಂಜೆ ಡೈರಿಯ ಮುಂದೆ ಹಾಲು ಹಾಕಲು ಬಂದವರೆದುರು ಕೇಳಿದರು. ಅಲ್ಲೇ ಒಂದು ತೀರ್ಮಾನವಾಯಿತು. ಒಂದು ತಿಂಗಳು ಮೇಲಿನ ಬೀದಿಯ ಯಾರೂ ಉಮಾಶಂಕರನಿಗೆ ಎದುರಾಡಕೂಡದು. ಅವನು ಏನಂದರೂ ಹೌದು ಎನ್ನಬೇಕು. ಬರೀ ಎಂದರೆ ಸಾಲದು, ಹಾಗೆಯೇ ನಡೆದುಕೊಳ್ಳಬೇಕು. ಈ ವಿಷಯ ಅವನಿಗೆ ಮಾತ್ರ ತಿಳಿಯಬಾರದು. ಡೈರಿ ಹುಟ್ಟಿದಾಗಿನಿಂದ ಒಂದು ಠರಾವಿಗೂ ಎಲ್ಲರೂ ಒಪ್ಪಿದ್ದಿಲ್ಲ, ಇದಕ್ಕೆ ಒಪ್ಪಿದರು. ಅನಸೂಯ ಮಾತ್ರ, ಮನೆಯೊಳಗೂ ಎದುರಾಡಬಾರದೇ ಎಂದು ಕೇಳಿದಳು. ಮನೆಯಲ್ಲೇ ಮುಖ್ಯ ಎಂದರು ಮುನಿಶಾಮಪ್ಪನವರು.

ಮೊದಲ ದಿನ ಉಮಾಶಂಕರ ಟೀ ಅಂಗಡಿಯಲ್ಲಿ ಆಕಾಶ ನೋಡಿ, ಮಳೆ ಬರಬಹುದೇನೋ, ಬರದೆಯೂ ಇರಬಹುದು ಎಂದ. ಆಕಾಶದಲ್ಲಿ ಬೊಗಸೆಯಷ್ಟೂ ಮೋಡವಿರಲಿಲ್ಲ. ಆದರೂ ಬೀದಿಯಲ್ಲಿ ರಾಗಿ ಒಣಹಾಕಿದ್ದವರೆಲ್ಲ ಬಾಚಿ ಒಳಗಿಟ್ಟರು. ಒಬ್ಬರು ಕೊಡೆ ಬಿಚ್ಚಿಕೊಂಡು ಅವನೆದುರೇ ಹೋದರು. ಮಳೆ ಬರಲಿಲ್ಲ. ಮಾರನೆಯ ದಿನ ಟೀ ಅಂಗಡಿಯವನು, ಮಳೆ ನಮ್ಮೂರು ತಪ್ಪಿಸಿ ಪಕ್ಕದ ವಿಜಯಪುರದ ಕಡೆ ಹುಯ್ಯಿತಂತೆ, ನೀವು ಹೇಳಿದ ಹೊತ್ತಿಗೇ ಅಂತೆ ಎಂದ.

ಎರಡನೆಯ ವಾರ ಬೀದಿಯ ಕೊನೆಯಲ್ಲಿ ಮನೆ ಕಟ್ಟಿಸುತ್ತಿದ್ದವರು ಅವನನ್ನು ಕರೆದು, ಬಾಗಿಲು ಯಾವ ಕಡೆ ಇಡಲಿ ಎಂದು ಕೇಳಿದರು. ಅವನು ಹಿಂಜರಿಯುತ್ತ ಒಂದು ಕಡೆ ಕೈ ತೋರಿಸಿದ. ಗಾರೆ ಕೆಲಸದವರು ತಕ್ಷಣ ಸುಣ್ಣದಲ್ಲಿ ಗೆರೆ ಎಳೆದರು. ಅವನು ಹೋದ ಮೇಲೆ ಅಳಿಸಿದರು. ಅಳಿಸಿದ್ದು ಅವನಿಗೆ ಕಾಣಲಿಲ್ಲ, ಎಳೆದದ್ದು ಕಂಡಿತ್ತು. ಮನೆಗೆ ಬಂದು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದ. ಅನಸೂಯ ಅಂದು ಉಪ್ಪು ಹಾಕುವುದನ್ನೇ ಮರೆತಿದ್ದಳು. ಹೌದು ಎಂದಳು.

ಮನುಷ್ಯ ಎಷ್ಟು ದಿನ ತಡೆದಾನು? ಮೂರನೆಯ ವಾರದ ಹೊತ್ತಿಗೆ ಉಮಾಶಂಕರನ ಕುತ್ತಿಗೆ ಎರಡಂಗುಲ ಉದ್ದವಾಗಿತ್ತು. ಬೀಗವನ್ನು ಒಂದೇ ಸಲ ಒತ್ತಿ, ಹಿಂದಿರುಗಿ ನೋಡದೆ ಹೋಗುತ್ತಿದ್ದ. ಅವನು ಬೀದಿ ತಿರುಗಿದ ಮೇಲೆ ಅನಸೂಯ ಪಕ್ಕದ ಮನೆಯಿಂದ ಬಂದು ಎಳೆದು ನೋಡುತ್ತಿದ್ದಳು. ನಾಲ್ಕು ಸಲಕ್ಕೆ ಒಂದು ಸಲ ಬೀಗ ಅವಳ ಕೈಗೇ ಬರುತ್ತಿತ್ತು. ಫಾರ್ಮಿನ ಅಂಕ ಇಪ್ಪತ್ತಮೂರರಿಂದ ನಲವತ್ತೊಂದಕ್ಕೆ, ಅಲ್ಲಿಂದ ಎಪ್ಪತ್ತಕ್ಕೆ, ಅಲ್ಲಿಂದ ತೊಂಬತ್ತನಾಲ್ಕಕ್ಕೆ ಹೋಯಿತು.

ಕೆಲಸದ ಕ್ರಮವೂ ಬದಲಾಯಿತು. ರೈತ ‘ಸ್ವಾಮಿ, ಮೋಟಾರು...’ ಎನ್ನುವಷ್ಟರಲ್ಲಿ ಇವನು, ಕಾಯಿಲ್ ಸುಟ್ಟಿದೆ, ಬೋರಿನಿಂದ ಎತ್ತಿಸಿ ಸರ್ವೀಸಿಗೆ ಕಳಿಸಿ ಎನ್ನುತ್ತಿದ್ದ. ನಲವತ್ತು ನಿಮಿಷದ ಕರೆ ಒಂದೂವರೆ ನಿಮಿಷಕ್ಕೆ ಇಳಿಯಿತು. ದಿನಕ್ಕೆ ಹನ್ನೆರಡು ಇದ್ದದ್ದು ಅರವತ್ತೈದಾಯಿತು. ಕೀರ್ತನ ಮೇಡಂ ಇದನ್ನೆಲ್ಲ ಒಂದು ನಕ್ಷೆ ಮಾಡಿದರು. ಆತ್ಮವಿಶ್ವಾಸದ ಗೆರೆ ಮೇಲಕ್ಕೆ ಹೋಗುತ್ತಿತ್ತು, ಕರೆಗಳ ಗೆರೆ ಅದರ ಕೈ ಹಿಡಿದುಕೊಂಡು ಹೋಗುತ್ತಿತ್ತು. ಆಡಳಿತ ಮಂಡಳಿಯವರು ನಕ್ಷೆ ನೋಡಿ ಚಪ್ಪಾಳೆ ತಟ್ಟಿದರು. ಉಮಾಶಂಕರನಿಗೆ ಅವನ ಊರಿನಲ್ಲೇ, ಶನಿವಾರ ಹನ್ನೊಂದು ಗಂಟೆಗೆ, ಶಾಲು ಹೊದಿಸಿ ಪ್ರಶಸ್ತಿ ಪತ್ರ ಕೊಡುವುದೆಂದು ಗೊತ್ತಾಯಿತು.

ಆ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರ ಬೆಳಿಗ್ಗೆ, ಮೇಲಿನ ಬೀದಿಗೆ ಕುಡಿಯುವ ನೀರು ಕೊಡುವ ಬೋರ್‌ವೆಲ್ಲಿನ ಮೋಟಾರು ನಿಂತಿತು.

ಪಂಚಾಯಿತಿಯ ವಾಟರ್‌ಮನ್ ಆಂಜಿನಪ್ಪ ಇಪ್ಪತ್ತು ವರ್ಷದಿಂದ ಆ ಮೋಟಾರನ್ನು ನೋಡಿಕೊಂಡವನು. ಸ್ವಿಚ್ ಒತ್ತಿದ, ಸದ್ದಿಲ್ಲ. ಸ್ಟಾರ್ಟರ್ ಡಬ್ಬಿ ಬಿಚ್ಚೋಣವೆಂದು ಸ್ಕ್ರೂಡ್ರೈವರ್ ತರಲು ಹೊರಟವನಿಗೆ ಉಮಾಶಂಕರನ ಮನೆ ದಾರಿಯಲ್ಲೇ ಸಿಕ್ಕಿತು. ಮೋಟಾರು ಕಂಪನಿಯವನನ್ನು ಒಂದು ಮಾತು ಕೇಳದೆ ಹೋದರೆ ಬೇಜಾರಾದಾನು ಎಂದು ಕೆಳಗಿನಿಂದಲೇ ಕೂಗಿ ವಿಷಯ ಹೇಳಿದ. ಮುನಿಶಾಮಪ್ಪನವರೂ ಅಲ್ಲೇ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದರು. ಉಮಾಶಂಕರ ಎರಡು ಕರೆಗಳ ನಡುವೆ ತಾರಸಿಯ ಕಟ್ಟೆಯ ಮೇಲಿಂದ ಬಗ್ಗಿದ.

“ಕಾಯಿಲ್ ಸುಟ್ಟಿದೆ. ಎತ್ತಿಸು.”

“ಅಣ್ಣ, ಒಂದ್ಸಲ ಸ್ಟಾರ್ಟರ್ ಡಬ್ಬಿ ತೆಗೆದು ನೋಡಿ ಆಮೇಲೆ...”

ಆಂಜಿನಪ್ಪನ ಪಾದದ ಮೇಲೆ ಮುನಿಶಾಮಪ್ಪನವರ ಚಪ್ಪಲಿ ಬಿತ್ತು. ಉಮಾಶಂಕರ ಆಗಲೇ ಮುಂದಿನ ಕರೆ ತೆಗೆದುಕೊಂಡು, ಯಾರಿಗೋ ಎತ್ತಿಸಿ ಎನ್ನುತ್ತಿದ್ದ. ಮುನಿಶಾಮಪ್ಪನವರು ಆಂಜಿನಪ್ಪನನ್ನು ಹುಣಸೆಮರದ ಕಡೆ ಕರೆದುಕೊಂಡು ಹೋಗಿ ಬುದ್ಧಿ ಹೇಳಿದರು.

“ಶನಿವಾರ ಆ ಯಮ್ಮ ಬರ್ತಾಳೆ, ಅಲ್ಲಿಗೆ ಮುಗೀತು ಕಣೋ. ಈಗ ನೀನು ಡಬ್ಬಿ ತೆಗೆದು, ಅದರಲ್ಲೇ ಏನೋ ಸಿಕ್ಕಿ, ಮೋಟಾರು ಓಡಿಬಿಟ್ರೆ ಅವನ ಗತಿಯೇನು? ಮತ್ತೆ ಇಪ್ಪತ್ತಮೂರಕ್ಕೆ ಬಂದ್ಬಿಡ್ತಾನೆ. ಎತ್ತಿದ ಪೈಪನ್ನ ಇಳಿಸಬಹುದು. ಬಳ್ಳಾರಿಗೆ ಹೋದೋನ್ನ ವಾಪಸ್ ತರೋಕಾಯ್ತದಾ?”

ಆಂಜಿನಪ್ಪ ಸ್ಕ್ರೂಡ್ರೈವರ್ ತರುವುದು ಬಿಟ್ಟು ಫೋನ್ ತೆಗೆದ. ಮಧ್ಯಾಹ್ನ ಮೋಟಾರು ಎತ್ತುವ ಲಾರಿ ಬಂತು. ಬೋರ್‌ವೆಲ್ ಆಳ ಸಾವಿರದ ನೂರು ಅಡಿ. ಇಪ್ಪತ್ತು ಅಡಿಗೊಂದರಂತೆ ಐವತ್ತೈದು ಪೈಪು. ಒಂದೊಂದನ್ನೂ ಎತ್ತಿ, ಹಿಡಿದು, ಬಿಚ್ಚಿ, ಬೀದಿಯುದ್ದಕ್ಕೆ ಸಾಲಾಗಿ ಮಲಗಿಸಿದರು. ಲಾರಿಯವನು ಕೆಲಸ ಶುರುಮಾಡುವ ಮುಂಚೆ, ಸ್ಟಾರ್ಟರ್ ಪ್ಯಾನಲ್ ಚೆಕ್ ಮಾಡಿದ್ದೀರಾ ಎಂದು ವಾಡಿಕೆಯಂತೆ ಕೇಳಿದ. ಹದಿನೈದು ಜನ ಒಟ್ಟಿಗೆ ಹೌದು ಎಂದರು. ಗುರುವಾರ ಸಂಜೆಯಾಯಿತು, ಶುಕ್ರವಾರ ಇಡೀ ದಿನವಾಯಿತು. ನೀರಿನ ಟ್ಯಾಂಕರ್ ಒಂದೇ ಸಲ ಬಂದು ಹೋಯಿತು. ಕೊಡ ಹಿಡಿದು ನಿಂತ ಹೆಂಗಸರಲ್ಲಿ ಯಾರೋ ಗೊಣಗಿದಾಗ ಮುನಿಗಂಗಮ್ಮ, ಪಾಪ, ಅವನ ಜೀವಕ್ಕಿಂತ ನೀರು ಹೆಚ್ಚಾ ಎಂದರು. ಆಕೆಯ ಮಟ್ಟಿಗೆ ಅದು ಇನ್ನೂ ರಕ್ತದ ವಿಷಯವೇ ಆಗಿತ್ತು.

ಶನಿವಾರ ಹತ್ತೂಮುಕ್ಕಾಲಿಗೆ ಕೊನೆಯ ಪೈಪಿನ ಜೊತೆ ಮೋಟಾರು ಮೇಲೆ ಬಂತು. ಅದನ್ನು ಲಾರಿಯಲ್ಲೇ ತಂದಿದ್ದ ಒಂದು ನೀರಿನ ಡ್ರಮ್ಮಿನಲ್ಲಿ ಇಳಿಸಿ, ಲಾರಿಯವನು ನೇರವಾಗಿ ಕರೆಂಟು ಕೊಟ್ಟ. ಮೋಟಾರು ಓಡಿತು. ಬಹಳ ಚೆನ್ನಾಗಿ ಓಡಿತು. ಹೊಸ ಶರ್ಟು ಹಾಕಿಕೊಂಡು ಪ್ರಶಸ್ತಿಗೆ ಸಿದ್ಧನಾಗಿ ನಿಂತಿದ್ದ ಉಮಾಶಂಕರ ಅದನ್ನು ನೋಡಿದ. ಅವನನ್ನು ಯಾರೂ ನೋಡಲಿಲ್ಲ. ಬೀದಿಯ ಜನವೆಲ್ಲ ಪೈಪುಗಳನ್ನೇ ನೋಡುತ್ತಿದ್ದರು.

ಆಂಜಿನಪ್ಪ ಹೋಗಿ ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದ. ಕರೆಂಟು ಕೂಡಿಸುವ ಕಾಂಟ್ಯಾಕ್ಟಿನ ನಡುವೆ ಸಿಕ್ಕಿಕೊಂಡು ಒಂದು ಹಲ್ಲಿ ಸತ್ತುಹೋಗಿತ್ತು. ಅದನ್ನು ಬಾಲದಲ್ಲಿ ಹಿಡಿದು ಎತ್ತಿದ. ಎದುರಾಡಬಾರದೆಂಬ ಠರಾವು ಇನ್ನೂ ಜಾರಿಯಲ್ಲಿದ್ದುದರಿಂದ ಏನೂ ಹೇಳಲಿಲ್ಲ, ಸುಮ್ಮನೆ ಹಿಡಿದುಕೊಂಡು ನಿಂತ.

ಅಷ್ಟು ಹೊತ್ತಿಗೆ ಕಂಪನಿಯ ಕಾರು ಬಂತು. ಕೀರ್ತನ ಮೇಡಂ ಇಳಿದರು. ಕೈಯಲ್ಲಿ ಶಾಲು, ಕಟ್ಟು ಹಾಕಿದ ಪ್ರಶಸ್ತಿ ಪತ್ರ. ಬೀದಿಯುದ್ದಕ್ಕೂ ಮಲಗಿದ್ದ ಐವತ್ತೈದು ಪೈಪುಗಳನ್ನು ದಾಟಿಕೊಂಡು ಬಂದು, ಇದೆಲ್ಲ ಏನು ಎಂದು ಎದುರಿಗೆ ಸಿಕ್ಕ ಹಿರಿಯರನ್ನು ಕೇಳಿದರು. ಹಿರಿಯರು ಮುನಿಶಾಮಪ್ಪನವರೇ ಆಗಿದ್ದರು.

“ನಮ್ಮ ಉಮಾಶಂಕ್ರನ ಆತ್ಮವಿಶ್ವಾಸ ತಾಯಿ,” ಎಂದರು ಅವರು. “ಸಾವಿರದ ನೂರು ಅಡಿ. ಈಗಷ್ಟೇ ಪೂರ್ತಿ ಮೇಲೆ ಬಂತು.”

ಮೇಡಂ ಜಾಣೆ. ಮೋಟಾರು ನೋಡಿದರು, ಹಲ್ಲಿ ನೋಡಿದರು, ಉಮಾಶಂಕರನ ಮುಖ ನೋಡಿದರು. ಆಮೇಲೆ ಕಾರಿಗೆ ವಾಪಸು ಹೋಗಿ ಒಂದು ಹಾಳೆ ತಂದರು. ಎರಡು ವಾರದಲ್ಲಿ ಹದಿನಾಲ್ಕು ಮೋಟಾರುಗಳು ಸರ್ವೀಸಿಗೆ ಬಂದಿವೆಯೆಂದೂ, ಒಂದರಲ್ಲೂ ದೋಷವಿಲ್ಲವೆಂದೂ, ಇವನ್ನು ಎತ್ತಿಸಲು ಹೇಳಿದವರು ಯಾರೆಂದೂ ಸರ್ವೀಸ್ ವಿಭಾಗದವರು ಕೇಳಿದ್ದರಂತೆ. ಅದು ಬೇರೆ ವಿಭಾಗದ ಕಾಗದ, ತಮ್ಮ ನಕ್ಷೆಗೆ ಸಂಬಂಧವಿಲ್ಲ ಎಂದು ಮೇಡಂ ಅದನ್ನು ಚೀಲದಲ್ಲೇ ಇಟ್ಟುಕೊಂಡಿದ್ದರಂತೆ. ಹಾಳೆಯನ್ನು ಉಮಾಶಂಕರನ ಕೈಗೆ ಕೊಟ್ಟರು. ಅದರಲ್ಲಿದ್ದ ಹದಿನಾಲ್ಕು ರೈತರ ಹೆಸರುಗಳೂ ಅವನಿಗೆ ಪರಿಚಯದವೇ ಆಗಿದ್ದವು.

ಅವನು ಒಂದು ಪೈಪಿನ ಮೇಲೆ ಕುಳಿತ. ಕುಡಿಯಲು ನೀರು ಕೇಳೋಣವೆಂದರೆ ಬೀದಿಯಲ್ಲಿ ಯಾರ ಮನೆಯಲ್ಲೂ ನೀರಿರಲಿಲ್ಲ, ಯಾಕಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಅನಸೂಯ ಬಂದು ಪಕ್ಕದಲ್ಲಿ ನಿಂತು, ಠರಾವಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಮಳೆಯದನ್ನು, ಬಾಗಿಲಿನದನ್ನು, ಉಪ್ಪಿನದನ್ನು. ಮುನಿಶಾಮಪ್ಪನವರು ಈಗ ಬೇಡ ಎಂದು ಸನ್ನೆ ಮಾಡಿದರು. ಅವಳು ನಿಲ್ಲಿಸಲಿಲ್ಲ. ಉಮಾಶಂಕರ ಪೂರ್ತಿ ಕೇಳಿದ. ಕೋಪ ಬರಬೇಕಿತ್ತು, ಬಂದದ್ದು ನಾಚಿಕೆ. ಒಂದು ಬೀದಿಯ ಜನ ತನಗಾಗಿ ಒಣಹಾಕಿದ ರಾಗಿ ಒಳಗಿಟ್ಟಿದ್ದರು.

ಆಮೇಲೆ ಎದ್ದು ಮೇಡಂಗೆ ಹೇಳಿದ: “ಶಾಲು ಸ್ವಲ್ಪ ತಡೀಲಿ ಮೇಡಂ. ಇವರಿಗೆಲ್ಲ ಫೋನ್ ಮಾಡಬೇಕು.”

ಹಾಳೆ ಹಿಡಿದುಕೊಂಡು ತಾರಸಿಗೆ ಹೋದ. ಮೇಡಂ ಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ನಿಂತರು. ಮೊದಲ ಹೆಸರು ಹೊಸಕೋಟೆ ಕಡೆಯ ಸಂಜೀವಪ್ಪನವರದು, ಗುಲಾಬಿ ಬೆಳೆಯುವವರು. ಉಮಾಶಂಕರ ತನ್ನ ಹೆಸರು ಹೇಳಿ, ಮೋಟಾರು ಸರಿಯಾಗಿಯೇ ಇತ್ತು, ನೋಡದೆ ಎತ್ತಿಸಿ ಎಂದದ್ದು ನನ್ನ ತಪ್ಪು ಎಂದ. ಹಾಳೆಯಲ್ಲಿ ಗುರುತು ಹಾಕಿಕೊಳ್ಳಲೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ್ದ. ಸಂಜೀವಪ್ಪನವರ ದನಿ ಬೀದಿಗೆಲ್ಲ ಕೇಳಿಸಿತು.

“ನಿಮ್ಮನ್ನ ನಾನು ಬಲ್ಲೆ ಸ್ವಾಮಿ. ಹೋದ ಯುಗಾದೀಲಿ ಇದೇ ಮೋಟಾರಿಗೆ ಫೋನ್ ಮಾಡಿದ್ದೆ. ಮುಕ್ಕಾಲು ಗಂಟೆ ಹಿಡ್ಕೊಂಡ್ರಿ. ಪಕ್ಕದ ತೋಟಕ್ಕೆ ಎರಡು ಸಲ ಓಡಿಸಿದ್ರಿ. ನಿಮ್ಮ ವಂಶವನ್ನೆಲ್ಲ ಬೈಕೊಂಡೇ ಓಡಿದೆ. ಫ್ಯೂಸ್ ಹೋಗಿತ್ತು, ಹಾಕಿದೆ, ಓಡ್ತು. ಈ ಸಲ ಒಂದೇ ನಿಮಿಷದಲ್ಲಿ ಹೇಳಿಬಿಟ್ರಲ್ಲ, ಪರವಾಗಿಲ್ಲ, ಬೇರೆ ಯಾರೋ ತಿಳಿದೋರು ಬಂದವ್ರೆ ಅಂತ ಖುಷಿಪಟ್ಟೆ. ಗುಲಾಬಿ ಬಾಡಿಹೋಯ್ತು. ನೀವು ಆ ಹಳೇ ಥರಾನೇ ಇರಿ. ಬೈಯೋದು ನಮಗೆ ಅಭ್ಯಾಸ ಐತೆ.”

ಉಮಾಶಂಕರ, ನಿಮ್ಮಲ್ಲಿ ಈಗ ಮೂರು ಫೇಸೂ ಇದೆಯಾ ಎಂದು ಕೇಳಿದ.

ಹದಿನಾಲ್ಕು ಕರೆ ಮುಗಿಯುವ ಹೊತ್ತಿಗೆ ಮೂರು ಗಂಟೆಯಾಗಿತ್ತು. ಎಲ್ಲರೂ ಸಂಜೀವಪ್ಪನವರಷ್ಟು ಒಳ್ಳೆಯವರಾಗಿರಲಿಲ್ಲ. ಒಬ್ಬರು ಬೈದ ಮಾತುಗಳನ್ನು ಕೇಳಿ ಮುನಿಗಂಗಮ್ಮ ಅಂಗಳದಿಂದ ಒಳಗೆ ಹೋದರು. ಅವನು ಎಲ್ಲರದನ್ನೂ ಕೊನೆಯವರೆಗೆ ಕೇಳಿದ, ಮೋಟಾರುಗಳನ್ನು ಕಂಪನಿಯ ಲಾರಿಯೇ ತಂದು ಇಳಿಸಿಕೊಡುವುದೆಂದು ಹೇಳಿದ. ಹಾಗೆಂದು ಹೇಳಬಹುದೇ ಎಂದು ಮೇಡಂ ಕಡೆ ನೋಡಿದ. ಮೇಡಂ ಹೇಳಿ ಎಂದು ತಲೆಯಾಡಿಸಿದರು. ಆಮೇಲೆ ಅವರೂ ಒಂದು ಮೆಟ್ಟಿಲ ಮೇಲೆ ಕುಳಿತುಕೊಂಡು, ಸೋಮವಾರ ಆಡಳಿತ ಮಂಡಳಿಗೆ ವರದಿ ಕೊಡಬೇಕು, ಏನು ಬರೆಯಲಿ ಎಂದು ಅವನನ್ನೇ ಕೇಳಿದರು.

“ಆ ಫಾರ್ಮಲ್ಲಿ ನಿಮ್ಮ ನಂಬರ್ ಎಷ್ಟು ಬಂದಿತ್ತು ಮೇಡಂ?”

“ಯಾರಿಗೂ ಹೇಳ್ಬೇಡಿ ಉಮಾಶಂಕರ್ ಅವರೇ. ಮೂವತ್ತೊಂದು.”

ಕೆಳಗೆ ಬೀದಿಯವರು ಇದನ್ನು ಕೇಳಿಸಿಕೊಂಡರು. ಮುನಿಶಾಮಪ್ಪನವರು ಏನೋ ಹೇಳಲು ಬಾಯಿ ತೆರೆದರು. ಹಿಂದಿನಿಂದ ಆಂಜಿನಪ್ಪ ಅವರ ಪಾದ ತುಳಿದ.

ಭಾನುವಾರ ಪೈಪುಗಳನ್ನು ಮತ್ತೆ ಇಳಿಸಿದರು. ಪ್ರತಿಯೊಂದು ಜೋಡಣೆಯನ್ನೂ ಉಮಾಶಂಕರ ತಾನೇ ಕೈಯಿಟ್ಟು ನೋಡಿದ. ಲಾರಿಯವನು ನೂರು ಸಲ ನಿಟ್ಟುಸಿರು ಬಿಟ್ಟ. ಸಂಜೆ ಐದಕ್ಕೆ ಸ್ವಿಚ್ ಒತ್ತಿದಾಗ ಇಡೀ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿತ್ತು. ಬರುತ್ತದೆಯೇ ಎಂದು ಯಾರೋ ಕೇಳಿದರು. ನೋಡೋಣ ಎಂದ ಉಮಾಶಂಕರ. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೆಯ ನೀರು ಬಂತು. ಮುನಿಗಂಗಮ್ಮ ಮೊದಲ ಲೋಟವನ್ನು ಅವನಿಗೇ ಕೊಟ್ಟು, ಈಗ ಎಷ್ಟಾಗಿದೆ ಎಂದು ವಿಚಾರಿಸಿದರು. ಗೊತ್ತಿಲ್ಲ ಎಂದು ಅವನು ಕುಡಿದ.

ಕೀರ್ತನ ಮೇಡಂ ವರದಿ ಬರೆದರು. ಆತ್ಮವಿಶ್ವಾಸ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ ಎಂಬುದು ಸಾಬೀತಾಗಿದೆ, ಕೆಲಸವಾಗಿದೆಯೇ ಎಂಬುದನ್ನು ಬೇರೆ ನೋಡಬೇಕು ಎಂದಿತ್ತು ಅದರಲ್ಲಿ. ಸರ್ವೀಸ್ ವಿಭಾಗದವರು ಹದಿನಾರು ವರ್ಷದ ಕಡತ ತೆಗೆದು ನೋಡಿ, ಈ ಎರಡು ವಾರ ಬಿಟ್ಟರೆ ಉಮಾಶಂಕರನ ಕರೆಗಳಿಂದ ಸುಮ್ಮಸುಮ್ಮನೆ ಮೇಲೆ ಬಂದ ಮೋಟಾರು ಒಂದೂ ಇಲ್ಲವೆಂದು ಬರೆದು ಕಳಿಸಿದರು. ತೊಂಬತ್ತರ ಮೇಲೆ ಹಾಕಿಕೊಂಡು ಕಾಫಿ ಕುಡಿದಿದ್ದ ಮೂವರ ಲೆಕ್ಕದಲ್ಲಿ ಬಹಳ ಇದ್ದವು. ಬಳ್ಳಾರಿಯ ಮಾತು ಅಲ್ಲಿಗೆ ನಿಂತಿತು. ಆಡಳಿತ ಮಂಡಳಿ ಒಂದು ಹೊಸ ಹುದ್ದೆ ಮಾಡಿತು: ಇನ್ನು ಮುಂದೆ ಯಾವ ಮೋಟಾರನ್ನೂ ಎತ್ತಿಸಿ ಎನ್ನುವ ಮುಂಚೆ ಆ ಮೂವರೂ ಉಮಾಶಂಕರನಿಗೆ ಫೋನ್ ಮಾಡಿ ಕೇಳಬೇಕು.

ಮೇಡಂ ಫೋನ್ ಮಾಡಿ, ಈ ಹುದ್ದೆಗೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದರು. ಅವನು ಯೋಚನೆ ಮಾಡಬೇಕು ಎಂದ. ಎರಡು ದಿನ ತೆಗೆದುಕೊಳ್ಳಿ ಎಂದರು. ಅವನು ಆರು ದಿನ ತೆಗೆದುಕೊಂಡ. ಕಂಪನಿ ಅದನ್ನು ಅವನ ಕಡತದಲ್ಲಿ ಅರ್ಹತೆ ಎಂಬ ಜಾಗದಲ್ಲಿ ಬರೆದುಕೊಂಡಿತು.